ಕತ್ತಲಲ್ಲಿ ಕಾಣಿಸುವ ಟ್ಯೂಬು: ದುಡ್ಡು ಕೊಡುವ ಮುಂಚೆ

ನಮ್ಮ ಚಳ್ಳಕೆರೆ ಸೀಮೆಯಲ್ಲಿ ಶೇಂಗಾ ಕಾಯಿ ಬಲಿಯೋ ಹೊತ್ತಿಗೆ ಹೊಲದಲ್ಲಿ ಮಲಗದವನಿಗೆ ಪಾಲು ಕಮ್ಮಿ. ಹಂದಿ ಹಿಂಡು ಒಂದು ರಾತ್ರಿ ಇಳಿದರೆ ಸಾಕು, ಬೆಳಗಾಗೆದ್ದು ನೋಡಿದರೆ ಹೊಲ ರಂಟೆ ಹೊಡೆದಂತೆ ಕಾಣುತ್ತದೆ. ಹಾಗಾಗಿ ಕಾಯಿ ಕಟ್ಟಿದ ಮೇಲೆ ಕೀಳುವ ತನಕ ಐವತ್ತು ರಾತ್ರಿ ಕಾವಲು ತಪ್ಪಿದ್ದಲ್ಲ. ಟಾರ್ಚು ಬಿಟ್ಟರೆ ಬೆಳಕು ಬಿದ್ದಷ್ಟು ಜಾಗ ಮಾತ್ರ ಕಾಣುತ್ತದೆ. ನಾವು ಎಲ್ಲಿದ್ದೇವೆ ಅಂತ ಹಂದಿಗೂ ಗೊತ್ತಾಗುತ್ತದೆ. ಆ ಬದುವಿನಿಂದ ಸರಿದು ಈ ಬದುವಿನಿಂದ ನುಗ್ಗುತ್ತದೆ.

2024ರ ಮುಂಗಾರಿನಲ್ಲಿ ಅಕ್ಕಪಕ್ಕದ ಹೊಲದ ನಾವು ಆರು ಜನ ಸೇರಿ ಕತ್ತಲಲ್ಲಿ ಕಾಣುವ ದುರ್ಬೀನು ಒಂದನ್ನು ತಂದೆವು. ತಲೆಗೆ ಮೂರು ಸಾವಿರ, ಒಟ್ಟು ಹದಿನೆಂಟು ಸಾವಿರ ರೂಪಾಯಿ. ಮಾರಿದವನು 'ಮೂರನೇ ಜನರೇಶನ್ ನೈಟ್ ವಿಷನ್, ಮಿಲಿಟರಿ ಮಾಲು, 400 ಮೀಟರ್ ಕಾಣುತ್ತೆ' ಅಂದ. ಅಂಗಡಿಯ ಒಳಗೇ ದೀಪ ಆರಿಸಿ ತೋರಿಸಿದ. ಗೋಡೆ ಮೇಲಿನ ಕ್ಯಾಲೆಂಡರಿನ ತಾರೀಖು ಓದುವಷ್ಟು ಚೆನ್ನಾಗಿ ಕಂಡಿತು. ನಾವು ಮರುಮಾತಾಡದೆ ದುಡ್ಡು ಎಣಿಸಿದೆವು.

ಎಂಟು ದಿನ ಕಳೆದಿರಬೇಕು, ಅಮಾವಾಸ್ಯೆ ಹತ್ತಿರದ ರಾತ್ರಿ. ಮಂಚಿಕೆ ಮೇಲೆ ದುರ್ಬೀನು ಹಿಡಿದಿದ್ದ ಹುಡುಗ 'ಒಂಟಿ ಹಂದಿ, ದೊಡ್ಡದು, ಕೂತಂಗಿದೆ' ಅಂತ ಪಿಸುಗುಟ್ಟಿದ. ನೂರೈವತ್ತು ಮೀಟರ್ ದೂರ ಇದ್ದೀತು. ನಾನೂ ನೋಡಿದೆ. ಕಪ್ಪಗೆ ಗುಡ್ಡೆಯಂತೆ ಏನೋ ಇತ್ತು, ಸ್ವಲ್ಪ ಅಲುಗಾಡುತ್ತಿತ್ತು. ಸದ್ದಿಲ್ಲದೆ ಇಳಿದು ಬದುವಿನ ಮರೆಯಲ್ಲಿ ಅರ್ಧ ದೂರ ನಡೆದು ಕವಣೆಗೆ ಕಲ್ಲು ಇಟ್ಟೆ. ಅಷ್ಟರಲ್ಲಿ ನಮ್ಮ ನಾಯಿ ಮುಂದಕ್ಕೆ ಓಡಿತು. ಓಡಿದ್ದು ಬೊಗಳಲಿಲ್ಲ, ಬಾಲ ಆಡಿಸಿಕೊಂಡು ನಿಂತಿತು. ನನ್ನ ಕೈ ಅಲ್ಲೇ ನಿಂತಿತು. ಅದು ಹಂದಿ ಅಲ್ಲ. ಪಕ್ಕದ ಹೊಲದಲ್ಲಿ ಕುರಿ ಮಂದೆ ನಿಲ್ಲಿಸಿದ್ದ ಅಜ್ಜ, ಕಂಬಳಿ ಕೊಪ್ಪೆ ಹಾಕಿಕೊಂಡು ಮೂತ್ರಕ್ಕೆ ಕೂತಿದ್ದ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕವಣೆ ಕಲ್ಲು ತಲೆಗೆ ಬಿದ್ದಿದ್ದರೆ ಏನಾಗುತ್ತಿತ್ತು ಅಂತ ಬಿಡಿಸಿ ಹೇಳಬೇಕಾಗಿಲ್ಲ. ತಮ್ಮನ ಮಗ ಸೈನ್ಯದಲ್ಲಿ ಇಂಥ ಉಪಕರಣ ರಿಪೇರಿ ಮಾಡುವ ವಿಭಾಗದಲ್ಲಿದ್ದು ನಿವೃತ್ತಿಯಾಗಿ ಬಂದವನು. ದೀಪಾವಳಿಗೆ ಊರಿಗೆ ಬಂದಾಗ ದುರ್ಬೀನನ್ನು ಅವನ ಕೈಗೆ ಕೊಟ್ಟೆ. ಎರಡು ನಿಮಿಷ ನೋಡಿ 'ದೊಡ್ಡಪ್ಪ, ಇದರೊಳಗೆ ಟ್ಯೂಬೇ ಇಲ್ಲ' ಅಂದ. ಆಮೇಲೆ ಮೂರು ಸಂಜೆ ಕೂತು ಅವನು ಹೇಳಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ನಮ್ಮ ಹಾಗೆ ದುಡ್ಡು ಕಟ್ಟಲು ಹೊರಟವರಿಗೆ ಉಪಯೋಗ ಆಗಲಿ ಅಂತ ಅದನ್ನು ಇಲ್ಲಿ ಬರೆದಿದ್ದೇನೆ.

ಟ್ಯೂಬಿನ ಒಳಗೆ ಏನು ನಡೆಯುತ್ತೆ

ನಿಜವಾದ ನೈಟ್ ವಿಷನ್ನಿನ ಜೀವ ಅದರೊಳಗಿನ ಇಮೇಜ್ ಇಂಟೆನ್ಸಿಫೈಯರ್ ಟ್ಯೂಬು. ಹೆಬ್ಬೆರಳಿಗಿಂತ ದಪ್ಪ, ಮೋಟು ಡಬ್ಬಿಯಂಥದು, ತೂಕ ನೂರು ಗ್ರಾಮಿನ ಆಸುಪಾಸು. ಒಳಗೆ ಗಾಳಿ ಇಲ್ಲ, ಪೂರ್ತಿ ನಿರ್ವಾತ. ಇದು ಇಲ್ಲದ ಬೆಳಕನ್ನು ಹುಟ್ಟಿಸುವುದಿಲ್ಲ. ನಕ್ಷತ್ರ, ಚಂದ್ರ, ದೂರದ ಊರಿನ ದೀಪದಿಂದ ಬರುವ ಮಿಣುಕು ಬೆಳಕನ್ನೇ ಹೆಚ್ಚಿಸಿ ತೋರಿಸುತ್ತದೆ.

ಮುಂದಿನ ಮಸೂರದಿಂದ ಬಂದ ಬೆಳಕು ಮೊದಲು ಫೋಟೋಕ್ಯಾಥೋಡ್ ಎಂಬ ತೆಳು ಲೇಪದ ಮೇಲೆ ಬೀಳುತ್ತದೆ. ಬೆಳಕಿನ ಕಣ ಬಡಿದಲ್ಲಿ ಎಲೆಕ್ಟ್ರಾನ್ ಎಂಬ ವಿದ್ಯುತ್ ಕಣ ಹೊರಡುತ್ತದೆ. ಅದರ ಹಿಂದೆ ಜರಡಿಯಂಥ ಒಂದು ಗಾಜಿನ ಬಿಲ್ಲೆ, ಹೆಸರು ಮೈಕ್ರೋಚಾನೆಲ್ ಪ್ಲೇಟ್. ದಪ್ಪ ಅರ್ಧ ಮಿಲಿಮೀಟರಿಗಿಂತ ಕಮ್ಮಿ, ಆದರೆ ಅದರಲ್ಲಿ ಲಕ್ಷಗಟ್ಟಲೆ ತೂತುಗಳು. ತೂತು ನೇರ ಇಲ್ಲ, ಸ್ವಲ್ಪ ಓರೆ. ಎಲೆಕ್ಟ್ರಾನ್ ಒಳಗೆ ಹೊಕ್ಕು ತೂತಿನ ಗೋಡೆಗೆ ಬಡಿದರೆ ಮತ್ತಷ್ಟು ಎಲೆಕ್ಟ್ರಾನ್ ಏಳುತ್ತವೆ, ಅವೂ ಬಡಿಯುತ್ತವೆ, ಇನ್ನಷ್ಟು ಏಳುತ್ತವೆ. ಒಂದು ಕಾಳು ಬಿತ್ತಿದರೆ ತೆನೆ, ತೆನೆ ಬಿತ್ತಿದರೆ ರಾಶಿ ಅನ್ನೋ ಹಾಗೆ, ಒಂದು ಒಳಗೆ ಹೋದರೆ ಸಾವಿರಗಟ್ಟಲೆ ಹೊರಗೆ ಬರುತ್ತವೆ. ಅವೆಲ್ಲ ಕೊನೆಗೆ ಫಾಸ್ಫರ್ ಲೇಪದ ಪರದೆಗೆ ಬಡಿದು ಚಿತ್ರ ಬೆಳಗುತ್ತದೆ. ಫಾಸ್ಫರ್ ಯಾವುದು ಅನ್ನೋದರ ಮೇಲೆ ಚಿತ್ರ ಹಸಿರಾಗಿರುತ್ತದೆ, ಇಲ್ಲವೇ ಬಿಳಿ. ಬಣ್ಣ ಕಣ್ಣಿನ ಇಷ್ಟಕ್ಕೆ ಬಿಟ್ಟದ್ದು, ಹಸಿರು ಇದ್ದ ಮಾತ್ರಕ್ಕೆ ಒಳ್ಳೇದು ಅಂತೇನಿಲ್ಲ.

ಇದರಿಂದ ಎರಡು ಮಾತು ತಿಳಿಯುತ್ತವೆ. ಒಂದು, ಬೆಳಕು ಏನೇನೂ ಇಲ್ಲದ ಕಡೆ ಟ್ಯೂಬಿಗೂ ಕಾಣುವುದಿಲ್ಲ. ಹುಣ್ಣಿಮೆ ಬೆಳಕಿಗೂ ಬರೀ ನಕ್ಷತ್ರದ ಬೆಳಕಿಗೂ ನೂರು ಪಟ್ಟಿಗಿಂತ ಹೆಚ್ಚು ಅಂತರ ಇದೆ. ಮೋಡ ಕವಿದ ಅಮಾವಾಸ್ಯೆಯಲ್ಲಿ ಇನ್ನೂ ಕಮ್ಮಿ. ನಮಗೆ ಕಾವಲು ಬೇಕಾಗಿರುವುದು ಆ ರಾತ್ರಿಯಲ್ಲೇ. ಎರಡು, ಹುಲ್ಲು, ಪೊದೆ, ಮಂಜು ಇವುಗಳ ಆಚೆಗೆ ಟ್ಯೂಬು ನೋಡುವುದಿಲ್ಲ. ಜೋಳದ ಹೊಲದೊಳಗೆ ನಿಂತ ಹಂದಿ ಎಂಥ ಟ್ಯೂಬಿಗೂ ಸಿಗುವುದಿಲ್ಲ.

ಜನರೇಶನ್ ಅನ್ನೋ ಮಾತು

ಮಾರುವವರು ಮೊದಲು ಎತ್ತುವ ಮಾತು ಜನರೇಶನ್. ಇದು ಅಂಗಡಿಯವರ ಮಾತಾಗುವ ಮುಂಚೆ ಯುದ್ಧದ ಮಾತು. ಎರಡನೇ ಮಹಾಯುದ್ಧದಲ್ಲಿ ಜರ್ಮನಿ, ಅಮೆರಿಕದವರು ಬಳಸಿದ ಸಾಧನಕ್ಕೆ ಕಣ್ಣಿಗೆ ಕಾಣದ ಅವಕೆಂಪು ಕಿರಣದ ದೀಪ ಜೊತೆಗೆ ಬೇಕಾಗಿತ್ತು. 1960ರ ದಶಕದಲ್ಲಿ ವಿಯೆಟ್ನಾಂ ಯುದ್ಧದ ಹೊತ್ತಿಗೆ ದೀಪ ಇಲ್ಲದೆ ನಕ್ಷತ್ರದ ಬೆಳಕಿನಲ್ಲೇ ಕೆಲಸ ಮಾಡುವ ಮೊದಲ ಜನರೇಶನ್ ಬಂತು. ಜರಡಿ ಬಿಲ್ಲೆ ಆಗ ಇರಲಿಲ್ಲ. ಬೆಳಕು ಸಾಲದ್ದಕ್ಕೆ ಮೂರು ಟ್ಯೂಬನ್ನು ಒಂದರ ಹಿಂದೆ ಒಂದು ಜೋಡಿಸುತ್ತಿದ್ದರು. ಉದ್ದ, ಭಾರ, ಚಿತ್ರದ ಅಂಚು ಸೊಟ್ಟ. 1970ರ ದಶಕದಲ್ಲಿ ಜರಡಿ ಬಿಲ್ಲೆ ಸೇರಿ ಎರಡನೇ ಜನರೇಶನ್ ಆಯಿತು. ಮೂರನೆಯದರಲ್ಲಿ ಫೋಟೋಕ್ಯಾಥೋಡಿನ ಲೇಪ ಬದಲಾಗಿ ಗ್ಯಾಲಿಯಂ ಆರ್ಸೆನೈಡ್ ಬಂತು. ನಕ್ಷತ್ರದ ಬೆಳಕಿನಲ್ಲಿ ಹೆಚ್ಚಿಗೆ ಇರುವ ಅವಕೆಂಪು ಭಾಗವನ್ನು ಇದು ಚೆನ್ನಾಗಿ ಹಿಡಿಯುತ್ತದೆ. ನಾಲ್ಕನೇ ಜನರೇಶನ್ ಅನ್ನೋದು ಬರೀ ಮಾರಾಟದ ಹೆಸರು, ಅಮೆರಿಕದ ಸೈನ್ಯವೇ ಆ ಹೆಸರನ್ನು ಕೈಬಿಟ್ಟಿದೆ.

ಆದರೆ ಜನರೇಶನ್ ನಂಬರು ನೋಡಿಯೇ ಆರಿಸಿದರೆ ಮೋಸ ಹೋಗುವ ಸಂಭವ ಇದೆ. ಯುರೋಪಿನ ತಯಾರಕರು ಎರಡನೇ ಜನರೇಶನ್ನಿನ ಲೇಪವನ್ನೇ ಸುಧಾರಿಸುತ್ತ ಬಂದು ಈಗ ಮೂರನೆಯದಕ್ಕೆ ಸರಿಗಟ್ಟುವ ಟ್ಯೂಬು ಮಾಡುತ್ತಾರೆ. ಅವರ ಒಳ್ಳೆಯ ಟ್ಯೂಬಿನ ಮುಂದೆ ಹಳೇ ಮೂರನೇ ಜನರೇಶನ್ ಟ್ಯೂಬು ಸೋಲುತ್ತದೆ. ಬೀಜದ ಚೀಲದ ಮೇಲೆ ತಳಿಯ ಹೆಸರು ಇದ್ದರೆ ಸಾಲದು, ಮೊಳಕೆ ಪ್ರಮಾಣ ನೋಡಬೇಕಲ್ಲ, ಅದೇ ಲೆಕ್ಕ.

ನಮ್ಮ ದೇಶದಲ್ಲೂ ಈ ಟ್ಯೂಬು ತಯಾರಾಗುತ್ತದೆ. ಬೆಂಗಳೂರಿನಲ್ಲಿ 1954ರಲ್ಲಿ ಶುರುವಾದ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ, ನೆದರ್ಲೆಂಡಿನ ಡೆಲ್ಫ್ಟ್ ಕಂಪನಿ ಜೊತೆ ಸೇರಿ 1990ರಲ್ಲಿ ಪುಣೆಯಲ್ಲಿ ಇದಕ್ಕೆಂದೇ ಕಂಪನಿ ತೆರೆಯಿತು. ಆಮೇಲೆ ಅದನ್ನು ಪೂರ್ತಿ ತನ್ನದೇ ಮಾಡಿಕೊಂಡಿತು. ಅಲ್ಲಿನ ಟ್ಯೂಬು ಹೋಗುವುದು ಮುಖ್ಯವಾಗಿ ಸೈನ್ಯಕ್ಕೆ, ಗಡಿ ಕಾಯುವವರಿಗೆ. ಪೇಟೆಯಲ್ಲಿ ಯಾರಾದರೂ 'ಮಿಲಿಟರಿ ಮಾಲು' ಅಂತ ಅಗ್ಗಕ್ಕೆ ಕೊಟ್ಟರೆ ಎರಡರಲ್ಲಿ ಒಂದು: ಒಂದೋ ಸುಳ್ಳು, ಇಲ್ಲವೇ ಕದ್ದದ್ದು. ಎರಡೂ ನಮಗೆ ಬೇಡ. ಅಮೆರಿಕದ ಒಳ್ಳೆಯ ಟ್ಯೂಬು ಅಲ್ಲಿನ ಸರಕಾರದ ಅನುಮತಿ ಇಲ್ಲದೆ ಆ ದೇಶ ಬಿಟ್ಟು ಬರುವ ಹಾಗೇ ಇಲ್ಲ. ಬೆಲೆಯೂ ಹಾಗೆಯೇ. ಒಳ್ಳೆಯ ಟ್ಯೂಬು ಒಂದಕ್ಕೇ ಲಕ್ಷದ ಮಾತು. ಹದಿನೆಂಟು ಸಾವಿರಕ್ಕೆ ಎರಡು ಕಣ್ಣಿನ ಮೂರನೇ ಜನರೇಶನ್ ಅಂದಾಗಲೇ ನಾವು ಎದ್ದು ಬರಬೇಕಾಗಿತ್ತು.

ಕಾಗದದಲ್ಲಿ ನೋಡಬೇಕಾದ ಅಂಕಿ

ನಿಜವಾದ ಟ್ಯೂಬಿನ ಜೊತೆ ಅದರ ನಂಬರು ಹಾಕಿ ಪರೀಕ್ಷೆ ಮಾಡಿದ ಕಾಗದ ಇರುತ್ತದೆ. ತಮ್ಮನ ಮಗ ಹೇಳಿದ್ದು, 'ಕಾಗದ ಇಲ್ಲದ ಟ್ಯೂಬು ಪಹಣಿ ಇಲ್ಲದ ಹೊಲ ಇದ್ದಂಗೆ.' ಅದರಲ್ಲಿ ನೋಡಬೇಕಾದವು ಇಷ್ಟು.

ಸದ್ದಿಗೂ ಮಾತಿಗೂ ಇರುವ ಪ್ರಮಾಣ. ಎಲ್ಲಕ್ಕಿಂತ ಮುಖ್ಯ ಇದೇ. ಇಂಗ್ಲಿಷಿನಲ್ಲಿ ಸಿಗ್ನಲ್ ಟು ನಾಯ್ಸ್ ಅನ್ನುತ್ತಾರೆ. ಕತ್ತಲು ಹೆಚ್ಚಾದಂತೆ ಚಿತ್ರದ ಮೇಲೆ ರಾಗಿ ಚೆಲ್ಲಿದ ಹಾಗೆ ಚುಕ್ಕಿಗಳು ಕುಣಿಯುತ್ತವೆ. ಆ ಚುಕ್ಕಿ ಹೊಟ್ಟು, ಚಿತ್ರ ಕಾಳು. ಹೊಟ್ಟಿಗೆ ಕಾಳು ಎಷ್ಟು ಪಾಲು ಅನ್ನೋದೇ ಈ ಅಂಕಿ. 20 ಇದ್ದರೆ ಪರವಾಗಿಲ್ಲ, 25ರ ಮೇಲೆ ಒಳ್ಳೇದು, ಇವತ್ತಿನ ಉತ್ತಮ ಟ್ಯೂಬುಗಳಲ್ಲಿ 30ರ ಹತ್ತಿರ, ಅದಕ್ಕೂ ಮೇಲೆ ಇರುತ್ತದೆ. ಅಮಾವಾಸ್ಯೆಯಲ್ಲಿ ಕೈ ಹಿಡಿಯುವುದು ಇದೇ.

ಗೆರೆಗಳ ಎಣಿಕೆ. ಒಂದು ಮಿಲಿಮೀಟರಿನಲ್ಲಿ ಕಪ್ಪು ಬಿಳಿ ಗೆರೆಯ ಎಷ್ಟು ಜೋಡಿಯನ್ನು ಬೇರೆ ಬೇರೆಯಾಗಿ ತೋರಿಸುತ್ತದೆ ಅನ್ನೋದು. ಹಳೇ ಮೊದಲ ಜನರೇಶನ್ನಿನಲ್ಲಿ 25ರ ಆಸುಪಾಸು, ಒಳ್ಳೆಯದರಲ್ಲಿ 64 ಅಥವಾ ಹೆಚ್ಚು. ಈ ಅಂಕಿ ತೆಗೆಯುವುದು ಬೆಳಕು ಸಾಕಷ್ಟು ಇದ್ದಾಗ. ಕತ್ತಲು ದಟ್ಟವಾದಂತೆ ಗೆರೆ ಕಮ್ಮಿಯಾಗುತ್ತವೆ.

ಈ ಎರಡು ಅಂಕಿಯ ಗುಣಾಕಾರ. ಗೆರೆ 64, ಪ್ರಮಾಣ 25 ಇದ್ದರೆ 1600. ಟ್ಯೂಬುಗಳನ್ನು ಹೋಲಿಸಲು ವ್ಯಾಪಾರದಲ್ಲಿ ಇದನ್ನೇ ಹೇಳುತ್ತಾರೆ. ಯಾವ ಟ್ಯೂಬನ್ನು ಹೊರದೇಶಕ್ಕೆ ಬಿಡಬಹುದು ಅನ್ನೋದಕ್ಕೆ ಅಮೆರಿಕದವರೂ ಇದನ್ನು ಅಳತೆಗೋಲು ಮಾಡಿಕೊಂಡಿದ್ದಾರೆ. ಆದರೆ ಗುಣಾಕಾರ ಒಂದೇ ಇದ್ದರೂ ಒಳಗಿನ ಪಾಲು ಬೇರೆ ಇರಬಹುದು. ಎರಡರಲ್ಲಿ ಯಾವುದು ಅಂತ ಬಂದರೆ ಕತ್ತಲ ಹೊಲಕ್ಕೆ ಸಿಗ್ನಲ್ ಪ್ರಮಾಣ ಜಾಸ್ತಿ ಇರೋದನ್ನು ಆರಿಸಬೇಕು.

ಹೆಚ್ಚಿಸುವ ಶಕ್ತಿ, ಅಂದರೆ ಗೇನ್. ಅಂಗಡಿಯವರು 'ಐವತ್ತು ಸಾವಿರ ಪಟ್ಟು' ಅಂತ ಇದನ್ನೇ ದೊಡ್ಡದು ಮಾಡುತ್ತಾರೆ. ಜಾತ್ರೆಯ ಮೈಕಿನಲ್ಲಿ ವಾಲ್ಯೂಮ್ ಏರಿಸಿದರೆ ಹಾಡಿನ ಜೊತೆ ಗೊರಗೊರ ಸದ್ದೂ ಏರುವುದಿಲ್ಲವೇ? ಇದೂ ಹಾಗೇ. ಗೇನ್ ಮಾತ್ರ ನೋಡಿ ಕೊಳ್ಳಬಾರದು.

ಕತ್ತಲ ಹೊಳಪು. ಬೆಳಕು ಒಂದಿಷ್ಟೂ ಬೀಳದಿದ್ದರೂ ಪರದೆ ತಾನಾಗೇ ಸ್ವಲ್ಪ ಹೊಳೆಯುತ್ತದೆ. ಕಾಗದದಲ್ಲಿ ಇದನ್ನು ಇ.ಬಿ.ಐ. ಅಂತ ಬರೆದಿರುತ್ತಾರೆ. ಕಮ್ಮಿ ಇದ್ದಷ್ಟೂ ಒಳ್ಳೇದು. ಸೆಖೆ ಏರಿದಂತೆ ಇದೂ ಏರುತ್ತದೆ. ನಮ್ಮ ಬಯಲುಸೀಮೆಯವರು ಇದನ್ನು ಮರೆಯಬಾರದು. ಬೇಸಿಗೆ ಸಂಜೆ ಕಾದ ನೆಲದ ಮೇಲೆ ಇಟ್ಟ ಸಾಧನ ತಂಪು ಹೊತ್ತಿನಷ್ಟು ಚೆನ್ನಾಗಿ ತೋರಿಸುವುದಿಲ್ಲ.

ಬೆಳಕಿನ ಸುತ್ತ ಬಳೆ. ದೂರದಲ್ಲಿ ದೀಪ ಕಂಡರೆ ಅದರ ಸುತ್ತ ಮಂಜಿನ ಬಳೆಯಂತೆ ಮೂಡುತ್ತದೆ. ಅದು ಸಣ್ಣದಿರಬೇಕು. ರಸ್ತೆ ಪಕ್ಕದ ಹೊಲದವರು ಆಟೋಗೇಟಿಂಗ್ ಇದೆಯೇ ಕೇಳಬೇಕು. ಲಾರಿ ದೀಪ ಹಠಾತ್ತನೆ ಬಿದ್ದಾಗ ವಿದ್ಯುತ್ತನ್ನು ಅತಿ ವೇಗವಾಗಿ ಹಚ್ಚಿ ಆರಿಸಿ ಟ್ಯೂಬನ್ನು ಉಳಿಸುವ ವ್ಯವಸ್ಥೆ ಇದು.

ಬಾಳಿಕೆ. ಮೊದಲ ಜನರೇಶನ್ನಿಗೆ ಸಾವಿರ, ಒಂದೂವರೆ ಸಾವಿರ ಗಂಟೆ ಹೇಳುತ್ತಾರೆ. ಒಳ್ಳೆಯ ಮೂರನೇ ಜನರೇಶನ್ನಿಗೆ 10,000 ಗಂಟೆ. ನಮ್ಮ ಲೆಕ್ಕಕ್ಕೆ ಹಾಕೋಣ. ರಾತ್ರಿಗೆ 4 ಗಂಟೆ ಹಚ್ಚಿದರೆ 50 ರಾತ್ರಿಗೆ 200 ಗಂಟೆ. ಸಾವಿರ ಗಂಟೆಯ ಟ್ಯೂಬು ಐದು ಬೆಳೆಗೆ ಮುಗಿಯುತ್ತದೆ, ಹತ್ತು ಸಾವಿರದ್ದು ಐವತ್ತು ಬೆಳೆ ಕಾಯುತ್ತದೆ. ಹಳೇ ಟ್ಯೂಬು ಕೊಳ್ಳುವವರಿಗೆ ಎಷ್ಟು ಗಂಟೆ ಉರಿದಿದೆ ಅನ್ನೋದೇ ಗೊತ್ತಾಗುವುದಿಲ್ಲ. ಅದು ಹಲ್ಲು ನೋಡದೆ ಎತ್ತು ಕೊಂಡ ಹಾಗೆ.

ಕಪ್ಪು ಚುಕ್ಕಿ. ತಯಾರಿಕೆಯಲ್ಲೇ ಒಂದೆರಡು ಕಪ್ಪು ಚುಕ್ಕಿ ಉಳಿಯುವುದುಂಟು. ಅಂಚಿನಲ್ಲಿದ್ದರೆ ಬಾಧೆ ಇಲ್ಲ, ಅದೇ ನೆಪದಿಂದ ಬೆಲೆ ಇಳಿಸಿ ಕೇಳಬಹುದು. ನಡುವೆ ದೊಡ್ಡ ಚುಕ್ಕಿ ಇದ್ದರೆ, ಬಿಡದೆ ಹೊಳೆಯುವ ಬಿಳಿ ಚುಕ್ಕಿ ಇದ್ದರೆ, ಅಂಚಿನಿಂದ ಅರ್ಧಚಂದ್ರದಂತೆ ಕತ್ತಲು ಒಳಗೆ ಬಂದಿದ್ದರೆ ಬೇಡವೇ ಬೇಡ.

ಮೂರು ನೋಟ, ಮೂರು ದೂರ

ಕುರಿ ಅಜ್ಜನ ಪ್ರಸಂಗ ಹೇಳಿದಾಗ ತಮ್ಮನ ಮಗ ನಗಲಿಲ್ಲ. ನೋಟ್‌ಬುಕ್ಕಿನಲ್ಲಿ ಒಂದು ಲೆಕ್ಕ ಹಾಕಿಕೊಟ್ಟ. ಈ ಲೇಖನದಲ್ಲಿ ಮಿಕ್ಕಿದ್ದು ಮರೆತರೂ ಇದನ್ನು ಮರೆಯಬೇಡಿ.

ಏನೋ ಇದೆ ಅಂತ ಕಾಣುವುದು ಒಂದು. ಪ್ರಾಣಿಯೋ ಮನುಷ್ಯನೋ ಅಂತ ತಿಳಿಯುವುದು ಇನ್ನೊಂದು. ಇಂಥದೇ ಅಂತ ಖಾತ್ರಿಯಾಗಿ ಗುರುತಿಸುವುದು ಮತ್ತೊಂದು. 1958ರಲ್ಲಿ ಅಮೆರಿಕದ ಸೈನ್ಯದ ವಿಜ್ಞಾನಿ ಜಾನ್ ಜಾನ್ಸನ್ ಇದಕ್ಕೆ ಅಳತೆ ಕೊಟ್ಟ. ವಸ್ತುವಿನ ಕಿರಿದಾದ ಅಳತೆಯ ಮೇಲೆ ಒಂದು ಜೋಡಿ ಗೆರೆ ಕೂತರೆ ಏನೋ ಇದೆ ಅಂತ ಕಾಣುತ್ತದೆ. ನಾಲ್ಕು ಜೋಡಿ ಕೂತರೆ ಯಾವ ಜಾತಿ ಅಂತ ತಿಳಿಯುತ್ತದೆ. ಆರೂವರೆ ಜೋಡಿಯ ಹತ್ತಿರ ಬಂದರೆ ಗುರುತು ಹತ್ತುತ್ತದೆ. ಅದೂ ಹತ್ತು ಸಲ ನೋಡಿದರೆ ಐದು ಸಲ ಸರಿ ಅನ್ನೋ ಲೆಕ್ಕ.

ಈಗ ನಮ್ಮ ಹಂದಿಗೆ ಬನ್ನಿ. ಎತ್ತರ 60 ಸೆಂಟಿಮೀಟರ್ ಅಂತ ಇಟ್ಟುಕೊಳ್ಳೋಣ. ಕಂಬಳಿ ಹೊದ್ದು ಕೂತ ಮನುಷ್ಯನೂ ಅದಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ದೊಡ್ಡದು ಮಾಡದೆ ಇದ್ದದ್ದನ್ನು ಇದ್ದ ಹಾಗೆ ತೋರಿಸುವ ಸಾಧನ ಸಾಮಾನ್ಯವಾಗಿ 40 ಡಿಗ್ರಿ ಅಗಲ ನೋಡುತ್ತದೆ. ನೂರು ಮೀಟರ್ ದೂರದಲ್ಲಿ ಅದು 73 ಮೀಟರ್ ಅಗಲದ ಹೊಲ. ಟ್ಯೂಬಿನ ಮುಖದ ಅಗಲ 18 ಮಿಲಿಮೀಟರ್. ಮಿಲಿಮೀಟರಿಗೆ 64 ಜೋಡಿಯಂತೆ ಒಟ್ಟು 1152 ಜೋಡಿ ಗೆರೆ. 73 ಮೀಟರನ್ನು 1152ರಿಂದ ಭಾಗಿಸಿದರೆ ಒಂದು ಜೋಡಿಗೆ 6 ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು. ಅಂದರೆ ಹಂದಿಯ ಮೇಲೆ ಒಂಬತ್ತಕ್ಕೂ ಹೆಚ್ಚು ಜೋಡಿ ಕೂರುತ್ತವೆ, ಗುರುತು ಸಿಗುತ್ತದೆ. 200 ಮೀಟರಿಗೆ ಹೋದರೆ ಅದು ಐದಕ್ಕೂ ಕಮ್ಮಿ. ಪ್ರಾಣಿ ಅಂತ ತಿಳಿದೀತು, ಖಾತ್ರಿ ಇಲ್ಲ.

25 ಗೆರೆಯ ಟ್ಯೂಬಾದರೆ? ಒಟ್ಟು 450 ಜೋಡಿ. ನೂರು ಮೀಟರಿನಲ್ಲಿ ಒಂದು ಜೋಡಿಗೆ 16 ಸೆಂಟಿಮೀಟರ್. ಹಂದಿಯ ಮೇಲೆ ನಾಲ್ಕು ಜೋಡಿಯೂ ಕೂರುವುದಿಲ್ಲ. ನೂರೈವತ್ತು ಮೀಟರಿನಲ್ಲಿ ಎರಡೂವರೆ. ಏನೋ ಇದೆ ಅನ್ನಬಹುದು, ಏನು ಅಂತ ಹೇಳಲಾಗದು. ನಾನು ಕವಣೆಗೆ ಕಲ್ಲು ಇಟ್ಟದ್ದು ಇಂಥ ನೋಟವನ್ನು ನಂಬಿ. ಈ ಅಂಕಿ ಎಲ್ಲ ಬೆಳಕು ಚೆನ್ನಾಗಿದ್ದಾಗಿನವು. ಅಮಾವಾಸ್ಯೆಯಲ್ಲಿ ಇನ್ನೂ ಕೆಳಗಿಳಿಯುತ್ತವೆ.

ಮಾರುವವನು '400 ಮೀಟರ್' ಅಂದರೆ ಅದು ಏನೋ ಇದೆ ಅಂತ ಕಾಣುವ ದೂರ. ಕೊಳ್ಳುವವರು ಕೇಳಬೇಕಾದದ್ದು ಒಂದೇ ಪ್ರಶ್ನೆ: 'ಎಷ್ಟು ದೂರದಲ್ಲಿ ಮನುಷ್ಯನನ್ನು ಮನುಷ್ಯ ಅಂತ ಗುರುತಿಸಬಹುದು?'

ಮುಂದಿನ ಮಸೂರವನ್ನೂ ಕಡೆಗಣಿಸಬಾರದು. ಮೂರು ಪಟ್ಟು ದೊಡ್ಡದು ತೋರಿಸುವ ಮಸೂರ ಹಾಕಿದರೆ ಗುರುತಿನ ದೂರ ಮೂರು ಪಟ್ಟಾಗುತ್ತದೆ, ಕಾಣುವ ಹೊಲದ ಅಗಲ ಮೂರರಲ್ಲಿ ಒಂದಾಗುತ್ತದೆ. ಮಸೂರದ ಮೇಲೆ 1.2 ಅಂತ ಇದ್ದರೆ, 2.4 ಇರುವುದಕ್ಕಿಂತ ನಾಲ್ಕು ಪಟ್ಟು ಬೆಳಕು ಒಳಗೆ ಬಿಡುತ್ತದೆ. ಈ ಅಂಕಿ ಸಣ್ಣದಿದ್ದಷ್ಟೂ ಒಳ್ಳೇದು. ಒಳ್ಳೆಯ ಟ್ಯೂಬಿಗೆ ಕೆಟ್ಟ ಮಸೂರ ಹಾಕುವುದು ಒಳ್ಳೆ ಬೀಜವನ್ನು ಕಲ್ಲು ಹೊಲಕ್ಕೆ ಬಿತ್ತಿದ ಹಾಗೆ.

ಅಂಗಡಿಯಲ್ಲೇ ಮಾಡಬಹುದಾದ ಪರೀಕ್ಷೆ

ನಮ್ಮ ದುರ್ಬೀನಿನಲ್ಲಿ ಟ್ಯೂಬಿಲ್ಲ ಅಂತ ತಮ್ಮನ ಮಗ ಹೇಗೆ ಕಂಡುಹಿಡಿದ? ಇದನ್ನು ಯಾರು ಬೇಕಾದರೂ ಮಾಡಬಹುದು. ಸಾಧನವನ್ನು ಚಾಲೂ ಮಾಡಿ, ಮೊಬೈಲಿನ ಮುಂಭಾಗದ ಕ್ಯಾಮೆರಾದಲ್ಲಿ ಅದರ ಮೂತಿ ನೋಡಿ. ಬರಿಗಣ್ಣಿಗೆ ಕಾಣದ ದೀಪ ಮೊಬೈಲಿನಲ್ಲಿ ನೇರಳೆ ಬಿಳುಪಾಗಿ ಹೊಳೆದರೆ ಅದು ಅವಕೆಂಪು ದೀಪ. ಟಿ.ವಿ. ರಿಮೋಟನ್ನು ಹೀಗೆ ನೋಡಿದರೂ ಹೊಳೆಯುವುದು ಕಾಣುತ್ತದೆ. ಈಗ ಆ ದೀಪವನ್ನು ಆರಿಸಿ ಅಥವಾ ದಪ್ಪ ಬಟ್ಟೆಯಿಂದ ಮುಚ್ಚಿ, ಕತ್ತಲಲ್ಲಿ ನೋಡಿ. ಚಿತ್ರ ಪೂರ್ತಿ ಕಪ್ಪಾದರೆ ಅದು ದೀಪದ ಬೆಳಕಲ್ಲೇ ನೋಡುವ ಡಿಜಿಟಲ್ ಕ್ಯಾಮೆರಾ. ಅಂಗಡಿಯಲ್ಲಿ ನಮಗೆ ಕ್ಯಾಲೆಂಡರು ಅಷ್ಟು ಚೆನ್ನಾಗಿ ಕಂಡದ್ದು ಈ ದೀಪದಿಂದ. ನಾಲ್ಕು ಮೀಟರ್ ದೂರದ ಗೋಡೆಗೆ ಯಾವ ದೀಪ ಸಾಲದು?

ಇನ್ನೂ ಗುರುತುಗಳಿವೆ. ಫೋಟೋ ತೆಗೆಯುವ ಗುಂಡಿ, ಮೆಮೊರಿ ಕಾರ್ಡಿನ ಸೀಳು, ಬಣ್ಣ ಬದಲಾಯಿಸುವ ಗುಂಡಿ ಇದ್ದರೆ ಡಿಜಿಟಲ್. ಹಗಲಲ್ಲಿ ಮುಚ್ಚಳ ತೆಗೆದು ಸಲೀಸಾಗಿ ನೋಡಬಹುದಾದರೂ ಡಿಜಿಟಲ್. ಟ್ಯೂಬನ್ನು ಹಗಲಿಗೆ ಒಡ್ಡಬಾರದು, ಲೇಪ ಸುಟ್ಟು ಕಲೆ ಉಳಿಯುತ್ತದೆ. ಅದಕ್ಕೇ ನಿಜವಾದ ಟ್ಯೂಬಿನ ಸಾಧನಕ್ಕೆ ಸೂಜಿ ತೂತಿನ ಮುಚ್ಚಳ ಇರುತ್ತದೆ. ಹಗಲಲ್ಲಿ ಪರೀಕ್ಷೆ ಮಾಡುವುದಾದರೆ ಆ ಮುಚ್ಚಳ ಹಾಕಿಯೇ ಮಾಡಬೇಕು.

ಕೊನೆಯ ಪರೀಕ್ಷೆ ಅಂಗಡಿಯಲ್ಲಲ್ಲ, ಹೊಲದಲ್ಲಿ. ನೂರು, ನೂರೈವತ್ತು, ಇನ್ನೂರು ಮೀಟರಿಗೆ ಗೂಟ ನೆಟ್ಟು, ಒಬ್ಬರು ಕಂಬಳಿ ಹೊದ್ದು ಒಂದು ಗೂಟದ ಹತ್ತಿರ ಕೂರಬೇಕು, ಇನ್ನೊಂದರ ಹತ್ತಿರ ಗೊಬ್ಬರದ ಚೀಲ ಇಡಬೇಕು. ಯಾವುದು ಎಲ್ಲಿದೆ ಅಂತ ಗೊತ್ತಿಲ್ಲದವನು ನೋಡಿ ಹೇಳಬೇಕು. ಚಂದ್ರ ಇಲ್ಲದ ರಾತ್ರಿ ಒಂದು ಸಲ, ಇರುವ ರಾತ್ರಿ ಒಂದು ಸಲ. ಇದಕ್ಕೆ ಒಪ್ಪದ ಮಾರಾಟಗಾರನ ಹತ್ತಿರ ಕೊಳ್ಳಬೇಡಿ. ಬಿಲ್ಲು ಇಲ್ಲದೆ ಅಂತೂ ಕೊಳ್ಳಲೇಬೇಡಿ. ನಮಗೆ ಬಿಲ್ಲು ಇರಲಿಲ್ಲ, ಮಾರಿದವನು ಆಮೇಲೆ ಫೋನ್ ಎತ್ತಲಿಲ್ಲ.

ಹಾಗಾದರೆ ನಮ್ಮ ಹೊಲಕ್ಕೆ ಯಾವುದು

ಇಷ್ಟೆಲ್ಲ ತಿಳಿದ ಮೇಲೆ ನಾವು ಆರು ಜನ ಕೂತು ಮಾತಾಡಿದೆವು. ಮಳೆ ನಂಬಿ ಬೆಳೆಯುವ ನಮ್ಮಂಥವರಿಗೆ ಲಕ್ಷದ ಟ್ಯೂಬು ಬೇಡ. ಆ ದುಡ್ಡಿಗೆ ಆರು ಹೊಲದ ಹಂದಿ ಬರುವ ದಿಕ್ಕಿಗೆ ಬೇಲಿಯನ್ನೇ ಹಾಕಬಹುದು. ಟ್ಯೂಬು ಇರುವುದು ಬೆಳಕು ಬಿಟ್ಟರೆ ಪ್ರಾಣಕ್ಕೆ ಸಂಚಕಾರ ಬರುವವರಿಗೆ, ಗಡಿಯಲ್ಲಿ ನಿಂತವರಿಗೆ. ನಮ್ಮ ಕೆಲಸ ಹಂದಿಗೆ ಗೊತ್ತಾಗದೆ ನೋಡುವುದಲ್ಲ, ಹಂದಿಗೆ ಗೊತ್ತಾಗುವ ಹಾಗೆ ಓಡಿಸುವುದು. ಕಂಡರೆ ಸಾಲದು. ಓಡಿಸಲು ಬೆಳಕು, ಸದ್ದು, ನಾಯಿ ಇವೇ ಬೇಕು.

ಹಾಗಂತ ಡಿಜಿಟಲ್ ಸಾಧನ ಕೆಲಸಕ್ಕೆ ಬಾರದ್ದಲ್ಲ. ಸುಳ್ಳು ಇದ್ದದ್ದು ಹೆಸರಲ್ಲಿ, ಬೆಲೆಯಲ್ಲಿ. ಗೂಟ ನೆಟ್ಟು ನೋಡಿದಾಗ ನಮ್ಮದು ಅರವತ್ತು ಮೀಟರಿನ ತನಕ ಮನುಷ್ಯ, ಹಂದಿ, ಚೀಲ ಬೇರೆ ಬೇರೆ ತೋರಿಸಿತು. ಅಷ್ಟಕ್ಕೆ ಅದು ಸಾಕು. ಬದುವಿನ ಹತ್ತಿರ ಸರಸರ ಸದ್ದಾದರೆ ಮೊದಲು ಅದರಲ್ಲಿ ನೋಡುತ್ತೇವೆ. ಡಿಜಿಟಲ್ ಕೊಳ್ಳುವವರು ಒಂದು ವಿಷಯ ಕೇಳಿ. ಅವಕೆಂಪು ದೀಪದಲ್ಲಿ 850 ಮತ್ತು 940 ಅಂತ ಎರಡು ಬಗೆ. 850ರದ್ದು ದೂರ ಹೋಗುತ್ತದೆ, ಆದರೆ ಮೂತಿಯಲ್ಲಿ ಸಣ್ಣಗೆ ಕೆಂಪು ಕಾಣುತ್ತದೆ. 940ರದ್ದು ಕಾಣುವುದೇ ಇಲ್ಲ, ದೂರವೂ ಕಮ್ಮಿ. ನಮ್ಮ ಕೆಲಸಕ್ಕೆ 850 ಸಾಕು.

ಥರ್ಮಲ್ ಅನ್ನೋ ಇನ್ನೊಂದು ಬಗೆ ಇದೆ. ಅದರಲ್ಲಿ ಟ್ಯೂಬೂ ಇಲ್ಲ, ಬೆಳಕೂ ಬೇಡ. ಮೈಯ ಬಿಸಿಯನ್ನೇ ನೋಡುತ್ತದೆ. ಕಾರ್ಗತ್ತಲಲ್ಲಿ ದೂರದ ಹಂದಿಯನ್ನು ಟ್ಯೂಬಿಗಿಂತ ಬೇಗ ಹಿಡಿಯುತ್ತದೆ. ಆದರೆ ಅದರಲ್ಲೂ ದೂರದ್ದೆಲ್ಲ ಬೆಳ್ಳಗಿನ ಉಂಡೆ. ಉಂಡೆ ಹಂದಿಯೋ, ಕೂತ ಅಜ್ಜನೋ ಅನ್ನೋ ಪ್ರಶ್ನೆ ಅಲ್ಲೂ ಇದ್ದೇ ಇದೆ.

ಈಗ ನಮ್ಮಲ್ಲಿ ಇರುವುದು ಎರಡು ಒಳ್ಳೆಯ ಎಲ್.ಇ.ಡಿ. ಟಾರ್ಚು, ಆ ಡಿಜಿಟಲ್ ದುರ್ಬೀನು, ಮೂರು ನಾಯಿ, ತಗಡಿನ ಡಬ್ಬಿ. ಜೊತೆಗೆ ನಾವೇ ಮಾಡಿಕೊಂಡ ಒಂದು ಕಟ್ಟು. ದುರ್ಬೀನಿನಲ್ಲಿ ಏನೇ ಕಂಡರೂ ಮೊದಲು 'ಯಾರದು?' ಅಂತ ಮೂರು ಸಲ ಕೂಗಬೇಕು, ಆಮೇಲೆ ಟಾರ್ಚು ಬಿಡಬೇಕು. ಟಾರ್ಚಿನ ಬೆಳಕಲ್ಲಿ ಹಂದಿ ಅಂತ ಖಾತ್ರಿಯಾದರೂ ಡಬ್ಬಿ ಬಡಿದು ಓಡಿಸುವುದು ಮಾತ್ರ. ಕವಣೆಯನ್ನು ಕಾವಲಿಗೆ ಒಯ್ಯುವುದನ್ನೇ ಬಿಟ್ಟಿದ್ದೇವೆ. ಹಂದಿಯನ್ನು ಅನುಮತಿ ಇಲ್ಲದೆ ಕೊಲ್ಲುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧವೂ ಹೌದು. ಬೇಲಿಗೆ ಮನೆ ಕರೆಂಟು ಕೊಡುವವರ ಕಥೆ ಇನ್ನೂ ಭೀಕರ, ಅದಕ್ಕೆ ಹಂದಿಯೂ ಒಂದೇ, ಅಜ್ಜನೂ ಒಂದೇ.

2025ರಲ್ಲೂ ಆ ಅಜ್ಜ ಮಂದೆ ಸಮೇತ ನಮ್ಮ ಕಡೆ ಬಂದಿದ್ದ. ನಡೆದದ್ದನ್ನೆಲ್ಲ ಅವನಿಗೆ ಹೇಳಿಬಿಟ್ಟೆ. ಸ್ವಲ್ಪ ಹೊತ್ತು ಸುಮ್ಮನಿದ್ದು, 'ಸಾವಿರ ಕೊಟ್ಟು ತಂದ ಯಂತ್ರಕ್ಕೆ ಕಾಣಲಿಲ್ಲ, ಅನ್ನ ಹಾಕಿದ ನಾಯಿಗೆ ಕಂಡಿತು ಬಿಡು' ಅಂದ. ಈಗ ಅವನು ರಾತ್ರಿ ಎದ್ದರೆ ನಮ್ಮ ಮಂಚಿಕೆ ಕಡೆ ಒಂದು ಕೂಗು ಹಾಕಿಯೇ ಕೂರುತ್ತಾನೆ. ನಾವೂ ಕೂಗಿ ಉತ್ತರ ಕೊಡುತ್ತೇವೆ.